ರಾಮನಾಥಪುರದ ಹರಾಜು, ಬೆಂಗಳೂರಿನ ಬ್ಯಾಂಕು

ಗೋಲ್ಡ್‌ಮನ್ ಸ್ಯಾಕ್ಸ್ ಬೆಂಗಳೂರಿನಲ್ಲಿ ಕಚೇರಿ ತೆರೆದದ್ದು 2004ರಲ್ಲಿ. ಜೆ.ಪಿ. ಮಾರ್ಗನ್, ಮಾರ್ಗನ್ ಸ್ಟಾನ್ಲಿಯೂ ಅಲ್ಲಿವೆ. ಇಂಥ ಹೂಡಿಕೆ ಬ್ಯಾಂಕಿನಲ್ಲಿ ಇಂಟರ್ನ್‌ಶಿಪ್ ಎಂದರೆ ಹಾಸನ, ಹೊಳೆನರಸೀಪುರದ ಕಾಮರ್ಸ್ ವಿದ್ಯಾರ್ಥಿಗಳಿಗೆ ಯಾವುದೋ ಬೇರೆ ಲೋಕ ಅನ್ನಿಸುತ್ತದೆ.

ಹಾಗೇನೂ ಇಲ್ಲ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಬೇಲುಗಳು ಸಾಲಾಗಿ ಕೂತಿರುತ್ತವೆ. ಖರೀದಿದಾರರು ಎಲೆಯ ಬಣ್ಣ ನೋಡಿ, ಕೈಯಲ್ಲಿ ಮುಟ್ಟಿ ದರ ಕಟ್ಟುತ್ತಾರೆ. ಪಕ್ಕದಲ್ಲಿ ನಿಂತ ರೈತ ಉಸಿರು ಬಿಗಿಹಿಡಿದು ಕಾಯುತ್ತಾನೆ. ಕಂಪನಿಯೊಂದು ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಲು ಹೊರಟಾಗ ಹೂಡಿಕೆ ಬ್ಯಾಂಕು ನಡೆಸುವುದೂ ಹೆಚ್ಚುಕಡಿಮೆ ಇಂಥದೇ ಹರಾಜನ್ನು: ಕನಿಷ್ಠ, ಗರಿಷ್ಠ ದರ ಮುಂದಿಟ್ಟು, ಹೂಡಿಕೆದಾರರಿಂದ ಬಿಡ್ ಪಡೆದು, ಬೆಲೆ ಗೊತ್ತುಮಾಡಲು ನೆರವಾಗುವುದು. ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮಗಳಲ್ಲಿ ಈ ಕೆಲಸದವರ ಹೆಸರು ಮರ್ಚೆಂಟ್ ಬ್ಯಾಂಕರ್.

ಇಂಟರ್ನ್‌ಗೆ ಸಿಗುವುದು ಎಕ್ಸೆಲ್ ಹಾಳೆ. ಕಂಪನಿಯ ಕೆಲವು ವರ್ಷಗಳ ಲಾಭ, ಸಾಲ ತುಂಬಬೇಕು, ಅದೇ ವ್ಯವಹಾರದ ಬೇರೆ ಕಂಪನಿಗಳ ಜೊತೆ ಹೋಲಿಸಬೇಕು, ಒಂದು ಅಂಕಿ ತಪ್ಪಿದರೆ ಮತ್ತೆ ಮೊದಲಿಂದ ತಾಳೆ ನೋಡಬೇಕು. ಚನ್ನರಾಯಪಟ್ಟಣದ ಹಳ್ಳಿ ಡೇರಿಯಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಲೆಕ್ಕದ ಮೇಲೆ ಹಾಲಿನ ದುಡ್ಡು ಬರುವುದನ್ನು ಕಂಡು ಬೆಳೆದ ಮಕ್ಕಳಿಗೆ ಈ ಶಿಸ್ತು ಹೊಸದಲ್ಲ. ಅರ್ಜಿ ಯಾವಾಗ, ಹೇಗೆ ಹಾಕಬೇಕೆಂದು ಹೇಳಿಕೊಡುವವರು ಬೇಕು, ಅಷ್ಟೆ.

ಬೆಂಗಳೂರು ದೂರವೂ ಅಲ್ಲ: 2017ರಿಂದ ಹಾಸನ, ಚನ್ನರಾಯಪಟ್ಟಣ, ಶ್ರವಣಬೆಳಗೊಳದ ಮೇಲೆ ಅಲ್ಲಿಗೆ ನೇರ ರೈಲು ಮಾರ್ಗವಿದೆ. ಹಾಸನ ಜಿಲ್ಲೆಯ ಪದವಿ ಕಾಲೇಜುಗಳ ಉಪನ್ಯಾಸಕರೇ, ಈ ವರ್ಷ ತರಗತಿಗೆ ಇಬ್ಬರಿಂದಾದರೂ ಅರ್ಜಿ ಹಾಕಿಸಿ.