ಒಂದು ಅಕ್ಷರ ಬಿಟ್ಟಾಗ

ಕಳೆದ ವರ್ಷ ವಿಜ್ಞಾನ ಪ್ರದರ್ಶನಕ್ಕೆಂದು ನಾನು ಮತ್ತು ಕಿತ್ತೂರಿನ ಗೆಳೆಯ ಸೇರಿ ಹೊಲದ ತೇವ ಅಳೆಯುವ ಮಾದರಿ ಮಾಡಿದ್ದೆವು. ನಮ್ಮೂರು ಸವದತ್ತಿ ತಾಲೂಕಿನ ಮುನವಳ್ಳಿ. ಅಲ್ಲಿಂದ ಡಬ್ಬಿಯಲ್ಲಿ ಎರೆಮಣ್ಣು ತಂದು, ಅದರಲ್ಲಿ ಸೆನ್ಸರ್ ನೆಟ್ಟು, ಆರ್ಡುಯಿನೊ ಉನೊ ಬೋರ್ಡಿಗೆ ಜೋಡಿಸಿದೆವು. ಬೋರ್ಡನ್ನು ಲ್ಯಾಬಿನ ಉಬುಂಟು ಕಂಪ್ಯೂಟರಿಗೆ ಹಚ್ಚಿದರೆ ಬಂದ ಉತ್ತರ ಒಂದೇ: ‘ಪರ್ಮಿಷನ್ ಡಿನೈಡ್’.

ಲಿನಕ್ಸ್‌ನಲ್ಲಿ ಇಂಥ ಸಾಧನವೂ ಒಂದು ಫೈಲಿನಂತೆ ಕಾಣುತ್ತದೆ. ನಮ್ಮ ಬೋರ್ಡಿನ ಹೆಸರು ಟಿಟಿವೈಎಸಿಎಂ0. ಅದರ ಮಾಲೀಕ ರೂಟ್, ಗುಂಪು ಡಯಲ್‌ಔಟ್. ಮೋಡೆಮ್ ಕಾಲದ ಆ ಹೆಸರು ಇನ್ನೂ ಉಳಿದಿದೆ. ಆ ಗುಂಪಿಗೆ ಸೇರದ ಸಾಮಾನ್ಯ ಬಳಕೆದಾರ ಬೋರ್ಡನ್ನು ಮುಟ್ಟುವಂತಿಲ್ಲ.

ಆ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಖಾತೆ. ಸರ್ ನಂಬಿ ಅದರ ಪಾಸ್‌ವರ್ಡ್ ನನಗೆ ಕೊಟ್ಟಿದ್ದರು. ಮೊದಲು ಸಿಎಚ್‌ಮಾಡ್ 666 ಕೊಟ್ಟು ಎಲ್ಲರಿಗೂ ಬಾಗಿಲು ತೆರೆದೆ. ಕೆಲಸವಾಯಿತು. ಕೇಬಲ್ ಕಿತ್ತು ಮತ್ತೆ ಹಚ್ಚಿದಾಗ ಹಳೆಯ ಉತ್ತರವೇ ಬಂತು. ಪ್ರತಿ ಸಲ ಆ ಫೈಲ್ ಹೊಸದಾಗಿ ಹುಟ್ಟುತ್ತದೆ, ಯುಡೆವ್ ಅದಕ್ಕೆ ತನ್ನ ನಿಯಮದಂತೆ ಅನುಮತಿ ಹಾಕುತ್ತದೆ.

ಖಾತೆಯನ್ನೇ ಡಯಲ್‌ಔಟ್ ಗುಂಪಿಗೆ ಸೇರಿಸುವುದು ಸರಿಯಾದ ದಾರಿ. ಯೂಸರ್‌ಮಾಡ್ ಆಜ್ಞೆಗೆ ಸಣ್ಣ ಎ, ದೊಡ್ಡ ಜಿ ಎರಡೂ ಕೊಡಬೇಕು. ಅವಸರದಲ್ಲಿ ನಾನು ಜಿ ಅಷ್ಟೇ ಒತ್ತಿದೆ. ಲಾಗ್‌ಔಟ್ ಆಗಿ ಮತ್ತೆ ಒಳಗೆ ಬಂದೆ. ಬೋರ್ಡ್ ಓಡಿತು, ಆದರೆ ಸುಡೋ ನಿಂತುಹೋಯಿತು. ಎ ಎಂದರೆ ‘ಇದ್ದುದಕ್ಕೆ ಸೇರಿಸು’. ಅದನ್ನು ಬಿಟ್ಟಿದ್ದರಿಂದ ಖಾತೆಯ ಉಳಿದ ಗುಂಪುಗಳೆಲ್ಲ ಅಳಿಸಿ, ಆಡಳಿತದ ಅಧಿಕಾರವೂ ಹೋಗಿತ್ತು.

ಎರಡು ದಿನ ಯಾರಿಗೂ ಹೇಳಲಿಲ್ಲ. ನಂಬಿ ಕೊಟ್ಟದ್ದು ಅಮಾನತ್ ಎಂದು ಅಮ್ಮಿ ಸದಾ ಹೇಳುತ್ತಾರೆ. ರಾತ್ರಿ ಅದೇ ಮಾತು ಚುಚ್ಚುತ್ತಿತ್ತು. ಮೂರನೆಯ ದಿನ ಸರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಕಂಪ್ಯೂಟರನ್ನು ರಿಕವರಿ ಮೋಡ್‌ನಲ್ಲಿ ತೆರೆದು, ರೂಟ್ ಆಗಿ ಖಾತೆಯನ್ನು ಸುಡೋ ಗುಂಪಿಗೆ ಮತ್ತೆ ಸೇರಿಸಿದರು. ಆಮೇಲೆ ವಿದ್ಯಾರ್ಥಿಗಳಿಗೆಂದೇ ಬೇರೆ ಖಾತೆ ಮಾಡಿ, ಅದಕ್ಕೆ ಡಯಲ್‌ಔಟ್ ಗುಂಪು ಮಾತ್ರ ಕೊಟ್ಟರು. “ಬೋರ್ಡ್ ಬೇಕಾದವನಿಗೆ ಬೋರ್ಡ್ ಕೊಡು, ಮನೆಯ ಕೀಲಿಕೈ ಯಾಕೆ?” ಎಂದರು.

ಪ್ರದರ್ಶನದ ದಿನ ನಮ್ಮ ಮಾದರಿ ಆ ಸಾಮಾನ್ಯ ಖಾತೆಯಲ್ಲೇ ಓಡಿತು. ಗೆಳೆಯರೆ, ಈ ವರ್ಷ ಲ್ಯಾಬಿನಲ್ಲಿ ಬೋರ್ಡ್ ಹಚ್ಚುವವರು ಸಣ್ಣ ಎ ಮರೆಯಬೇಡಿ. ಮರೆತರೆ, ಅದೇ ದಿನ ಸರ್‌ಗೆ ಹೇಳಿಬಿಡಿ.