ತಿರುಗಿ ಕೂತ ಗಂಡ

ಹಿರೇನಲ್ಲೂರಿನ ನಮ್ಮ ಮನೇಲಿ ಎಲ್ಲರ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ನಂಗೆ ಕೊರಿಯಾದ ಧಾರಾವಾಹಿ. ಈಗ ಮುಗಿಸಿದ್ದು 2025ರಲ್ಲಿ ಬಂದ ‘ವೆನ್ ಲೈಫ್ ಗಿವ್ಸ್ ಯು ಟ್ಯಾಂಜರೀನ್ಸ್’. 16 ಕಂತು, ಜೆಜು ದ್ವೀಪದ ಬಡವರ ಕಥೆ. ಏಸುನ್‌ಗೆ ಕವಿ ಆಗೋ ಆಸೆ. ಸಂತೇಲಿ ಅವಳು ಪುಸ್ತಕ ಹಿಡಿದು ಕೂತರೆ ಅವಳ ಎಲೆಕೋಸನ್ನ ಮಾರೋನು ಗ್ವಾನ್‌ಶಿಕ್. ಮಾತೇ ಕಮ್ಮಿ ಅವನದು.

ಇನ್ನೊಂದು ಕೊರಿಯಾ ಧಾರಾವಾಹಿ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ನೋಡಿದಾಗ ಅದರ ನಾಯಕ ಹ್ಯುನ್ ಬಿನ್ ಚೆಲುವಿಗೆ ಸೋತಿದ್ದೆ, ನಿಜ. ಆದ್ರೆ ಈ ಗ್ವಾನ್‌ಶಿಕ್ ಎದೆಗೇ ಇಳಿದುಬಿಟ್ಟ. ಏಸುನ್ ಅವನನ್ನ ಮದುವೆಯಾಗಿ ಹೋದ ಮನೇಲಿ ಗಂಡಸರ ಊಟದ ಮೇಜೇ ಬೇರೆ, ಹೆಂಗಸರದ್ದೇ ಬೇರೆ. ಒಂದಿನ ಅವನು ಹಿರಿಯರಿಗೆ ಬೆನ್ನು ಮಾಡಿ, ಹೆಂಡತಿ ಕಡೆ ತಿರುಗಿ ಕೂತು ಉಣ್ತಾನೆ. ಅಷ್ಟೇ. ನಾನು ಅಲ್ಲೇ ನಿಲ್ಲಿಸಿ ಅತ್ತೆ.

ನಮ್ಮಜ್ಜಿ ಕೊನೇವರೆಗೂ ಒಲೆ ಪಕ್ಕ ಒಬ್ಬಳೇ ಕೂತು, ಉಳಿದ ಸಾರಲ್ಲಿ ಮುದ್ದೆ ನುಂಗಿದೋಳು. ಅಜ್ಜ ಕೆಟ್ಟವನಲ್ಲ. ಕಡೂರಿಗೆ ಹೋದಾಗೆಲ್ಲ ಅವಳಿಗೆ ಕನಕಾಂಬರ ತರ್ತಿದ್ದ. ಆದ್ರೆ ‘ನಿಂದು ಊಟ ಆಯ್ತಾ’ ಅಂತ ಕೇಳಿದ್ದು ನಾನಂತೂ ಕಂಡಿಲ್ಲ. ಪ್ರೀತಿ ಅಂದ್ರೆ ನಂಗೆ ಈ ಪ್ರಶ್ನೆಯೇ ಮೊದಲು, ಹೂವು ಆಮೇಲೆ.

ಬೆಳಗ್ಗೆ ಅಮ್ಮಂಗೆ ಆ ದೃಶ್ಯ ತೋರಿಸಿದೆ. ಭಾಷೆ ಒಂದಕ್ಷರ ತಿಳೀಲಿಲ್ಲ. ಸೆರಗಲ್ಲಿ ಕೈ ಒರೆಸ್ಕೊಂಡು, ‘ಇನ್ನೊಂದ್ಸಲ ಹಾಕೇ’ ಅಂದ್ಲು.