ಕೊಡಿ ಹಬ್ಬಕ್ಕೆ ಹೊರಟ ಅಜ್ಜಯ್ಯನ ಲೆನ್ಸು

ಕುಂದಾಪುರದಿಂದ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಸುಮಾರು 5 ಕಿ.ಮೀ. ಬಂದರೆ ಕೋಟೇಶ್ವರ. ಉಡುಪಿ ಕಡೆಯಿಂದ ಬರುವವರಿಗೆ ಕುಂಭಾಸಿಯ ಆನೆಗುಡ್ಡೆ ದಾಟಿದ ಮೇಲೆ ಸಿಗುವ ಪೇಟೆ ಇದು. ಪೂರ್ವಕ್ಕೆ ತಿರುಗಿದರೆ ಹಾಲಾಡಿ ರಸ್ತೆ, ಪಶ್ಚಿಮಕ್ಕೆ ನಡೆದರೆ ಬೀಜಾಡಿಯ ಕಡಲು. ಪರಶುರಾಮ ಸೃಷ್ಟಿಯ ಏಳು ಮುಕ್ತಿಸ್ಥಳಗಳಲ್ಲಿ ಒಂದೆಂದು ಹೆಸರಾದ ಈ ಊರಿಗೆ ಧ್ವಜಪುರವೆಂಬ ಇನ್ನೊಂದು ಹೆಸರೂ ಉಂಟು. ಕೋಟಿ ಋಷಿಗಳು ತಪಸ್ಸು ಮಾಡಿದಾಗ ಶಿವನು ಕೋಟಿ ಲಿಂಗಗಳಾಗಿ ಕಾಣಿಸಿಕೊಂಡನೆಂಬುದು ಸ್ಥಳಪುರಾಣ. ಆ ಕೋಟಿಲಿಂಗೇಶ್ವರನ ದೇವಸ್ಥಾನದ ಬಳಿಯಲ್ಲೇ ಕೋಟಿತೀರ್ಥವೆಂಬ ವಿಶಾಲವಾದ ಕೆರೆ. ಬೆಳಗಿನ ಹೊತ್ತು ಅದರ ದಂಡೆಯಲ್ಲಿ ನಿಂತರೆ ಎದುರು ದಡದ ತೆಂಗಿನ ಮರಗಳು ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ.

ಊರಿಗೆ ಊರೇ ಎದ್ದು ಬರುವುದು ವೃಶ್ಚಿಕ ಮಾಸದ ಹುಣ್ಣಿಮೆಯ ಕೊಡಿ ಹಬ್ಬಕ್ಕೆ. ನಸುಕಿನಲ್ಲಿ ಭಕ್ತರು ಕೋಟಿತೀರ್ಥದ ಸುತ್ತಲೂ ಅಕ್ಕಿ ಹಾಕುತ್ತಾ ಸುತ್ತಕ್ಕಿ ಸೇವೆ ಮಾಡುತ್ತಾರೆ. ಆಮೇಲೆ ರಥೋತ್ಸವ. ಆ ವರ್ಷ ಮದುವೆಯಾದ ಜೋಡಿಗಳು ಜಾತ್ರೆಗೆ ಬಂದು ಕಬ್ಬಿನ ಕೊಡಿ ಕೊಂಡು ಮನೆಗೆ ಒಯ್ಯಬೇಕೆಂಬುದು ಇಲ್ಲಿನ ರೂಢಿ. ಕೊಡಿ ಎಂದರೆ ಚಿಗುರು. ಮನೆತನ ಚಿಗುರಲಿ ಎಂಬ ಹಾರೈಕೆ. ಹೊಸ ಸೀರೆ, ಹೊಸ ಪಂಚೆ, ನಡುವೆ ಆಳೆತ್ತರದ ಕಬ್ಬು. ಫೋಟೊ ತೆಗೆಯುವವರಿಗೆ ಇದಕ್ಕಿಂತ ಬೇರೆ ಏನು ಬೇಕು?

2024ರ ಡಿಸೆಂಬರಿನ ಕೊಡಿ ಹಬ್ಬಕ್ಕೆ ಹೀಗೆಯೇ ಕ್ಯಾಮರಾ ಹಿಡಿದು ಬಂದವರಲ್ಲಿ ಪದವಿಯ ಎರಡನೇ ವರ್ಷದಲ್ಲಿ ಓದುವ ಈ ಊರಿನ ಹುಡುಗಿಯೊಬ್ಬಳಿದ್ದಳು. ಅವಳ ಕೈಯಲ್ಲಿದ್ದ ಕ್ಯಾಮರಾ ಸೆಕೆಂಡ್ ಹ್ಯಾಂಡಿನದ್ದಾದರೂ ಈ ಕಾಲದ್ದೇ, ಒಳಗೆ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮರಾ. ಅದರ ಮೂತಿಯಲ್ಲಿದ್ದ ಲೆನ್ಸು ಮಾತ್ರ ಅವಳ ಅಪ್ಪನಿಗಿಂತ ಹಿರಿಯದು.

ಅದು ಸಿಕ್ಕ ಬಗೆ ಹೀಗೆ. ಮುಖಚಿತ್ರ ತೆಗೆಯಲು ಹೊಸ ಲೆನ್ಸು ಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಬೆಲೆ ಕೇಳಿದರೆ ಕ್ಯಾಮರಾಕ್ಕೆ ಕೊಟ್ಟದ್ದಕ್ಕಿಂತಲೂ ಹೆಚ್ಚು. ಪುಟ್ಟ ಅಂಗಡಿ ನಡೆಸುವ ಅಪ್ಪ ಒಪ್ಪಲಿಲ್ಲ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ ತುಂಬಿಡಲು ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿ ಡಬ್ಬ ಹುಡುಕುತ್ತಿದ್ದಾಗ ಬಿಸ್ಕತ್ತಿನ ತಗಡಿನ ಡಬ್ಬವೊಂದು ಕೈಗೆ ಬಂತು. ಒಳಗೆ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿದ ಝೆನಿಟ್ ಕ್ಯಾಮರಾ. ಫಿಲ್ಮಿನ ಕಾಲದಲ್ಲಿ ಸ್ಟುಡಿಯೊ ನಡೆಸಿದ್ದ ಅಜ್ಜಯ್ಯನದು.

“ಈ ಓಬಿರಾಯನ ಕಾಲದ್ದ್ ಎಂತಕ್?” ಎಂದು ಅಪ್ಪ ಬದಿಗಿಡಲು ಹೊರಟರೆ ಅಜ್ಜಯ್ಯ ಬಿಡಲಿಲ್ಲ. “ಗಾಜ್ ಹಾಳಾಯ್ಲ. ಬೆಳ್ಕಿಗ್ ಹಿಡ್ದ್ ಕಾಣ್ ಮಗಾ” ಎಂದು ಲೆನ್ಸು ಬಿಚ್ಚಿ ಮೊಮ್ಮಗಳ ಕೈಗಿತ್ತರು. ಸ್ಟುಡಿಯೊದಲ್ಲಿ ಇನ್ನೊಂದು ಲೆನ್ಸೂ ಇತ್ತು, 135 ಮಿ.ಮೀ.ಯದು. ಅದನ್ನು ಚಂದದ ಚರ್ಮದ ಚೀಲದಲ್ಲಿ ಹಾಕಿ ಕಪಾಟಿನಲ್ಲಿ ಇಟ್ಟಿದ್ದರು. ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆ ಹೆಣೆದಂತೆ ಬೂಷ್ಟು. ಆಚೆಗಿನ ಕಿಟಕಿಯೇ ಕಾಣದು.

ಜೋಪಾನವಾಗಿ ಇಟ್ಟದ್ದು ಹಾಳಾಯಿತು, ಅಟ್ಟಕ್ಕೆ ಎಸೆದದ್ದು ಉಳಿಯಿತು. ಕಾರಣ ಸರಳ. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವ ವಾರಗಟ್ಟಲೆ ಇಳಿಯುವುದಿಲ್ಲ. ಶಿಲೀಂಧ್ರದ ಬೀಜಕಣಗಳು ಎಲ್ಲೆಲ್ಲೂ ಇರುತ್ತವೆ; ಕತ್ತಲೆ, ಚಲನೆಯಿಲ್ಲದ ಗಾಳಿ, ತೇವ ಹೀರುವ ಚರ್ಮ, ಇಷ್ಟು ಸಿಕ್ಕರೆ ಅವು ಬೆಳೆಯುತ್ತವೆ. ಬೆಳೆದಾಗ ಹೊರಬರುವ ಆಮ್ಲ ಗಾಜಿನ ಮೇಲಿನ ತೆಳು ಲೇಪವನ್ನು ತಿನ್ನುತ್ತದೆ. ಆಮೇಲೆ ಬೂಷ್ಟು ಒರೆಸಿದರೂ ಕಲೆ ಹೋಗದು. ಒಲೆಯ ಮೇಲಿನ ಅಟ್ಟವಾದರೋ ಬೆಚ್ಚಗಿತ್ತು. ಹೊಗೆ ಒಳಗೆ ಹೋಗದಂತೆ ತಗಡಿನ ಡಬ್ಬ ಕಾಯಿತು. ಈಗ ಮನೆಮನೆಗೂ ಗ್ಯಾಸ್ ಬಂದಿದೆ, ಆ ಬಿಸಿ ಅಟ್ಟವಿಲ್ಲ. ಊರಿನ ಎಷ್ಟು ಕಪಾಟುಗಳಲ್ಲಿ ಎಷ್ಟು ಹಳೆಯ ಕ್ಯಾಮರಾಗಳು ಹೀಗೆ ಕೂತಿವೆಯೋ!

ಉಳಿದ ಲೆನ್ಸಿನ ಹೆಸರು ಹೀಲಿಯೋಸ್ 44-2. ಸಂಗಮದೂರ 58 ಮಿ.ಮೀ., ಪೂರ್ತಿ ತೆರೆದರೆ ಎಫ್ 2. ಮಾಸ್ಕೊ ಬಳಿಯ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಆ ಕಾರ್ಖಾನೆಯ ಗುರುತು ನೋಡಿದರೆ ವಿಜ್ಞಾನದ ವಿದ್ಯಾರ್ಥಿಗಳಿಗೆ ಖುಷಿಯಾದೀತು: ಒಂದು ಅಶ್ರಕ, ಅದರೊಳಗೆ ಬಾಗಿ ಹೊರಬರುವ ಬೆಳಕಿನ ಕಿರಣ. ಆದರೆ ಲೆನ್ಸಿನ ವಿನ್ಯಾಸ ರಷ್ಯದ್ದಲ್ಲ. ಜರ್ಮನಿಯ ಝೈಸ್ ಕಂಪನಿಯ ಬಯೋಟಾರ್ ಎಂಬ ಲೆನ್ಸಿನದು. ಎರಡನೇ ಮಹಾಯುದ್ಧದ ನಂತರ ಝೈಸ್‌ನ ನಕ್ಷೆ, ಯಂತ್ರಗಳು ಯುದ್ಧಪರಿಹಾರವಾಗಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಅಲ್ಲಿ ಹೀಲಿಯೋಸ್ ಲಕ್ಷಗಟ್ಟಲೆ ತಯಾರಾಗಿ ಝೆನಿಟ್ ಜೊತೆ ದೇಶದೇಶಗಳಿಗೆ ಹೊರಟಿತು.

ಅಂಥ ಲೆನ್ಸನ್ನು ಇಂದಿನ ಕ್ಯಾಮರಾಕ್ಕೆ ತೊಡಿಸುವುದು ಹೇಗೆ? ಹಳೆಯ ಕ್ಯಾಮರಾದಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿಯೊಂದು ಎದ್ದು ಬೀಳಬೇಕಿತ್ತು. ಅದಕ್ಕೆ ಜಾಗ ಬಿಡಬೇಕಾದ್ದರಿಂದ ಹೀಲಿಯೋಸಿನ 42 ಮಿ.ಮೀ. ತಿರುಪಿನ ಆಸನದಿಂದ ಫಿಲ್ಮಿಗೆ 45.46 ಮಿ.ಮೀ. ದೂರ. ಕನ್ನಡಿ ತೆಗೆದುಹಾಕಿದ ಹೊಸ ಕ್ಯಾಮರಾಗಳಲ್ಲಿ ಈ ದೂರ ಬಹಳ ಕಡಿಮೆ: ಸೋನಿಯ ಇ ಮೌಂಟಿನಲ್ಲಿ 18 ಮಿ.ಮೀ., ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಝಡ್‌ನಲ್ಲಿ 16. ಹುಡುಗಿಯದು ಸೋನಿ. 45.46ರಲ್ಲಿ 18 ಕಳೆದರೆ ಉಳಿಯುವ 27.46 ಮಿ.ಮೀ. ಉದ್ದದ ಟೊಳ್ಳು ಕೊಳವೆಯೊಂದನ್ನು ನಡುವೆ ಸೇರಿಸಿದರಾಯಿತು. ಅದೇ ಅಡಾಪ್ಟರ್. ಅದರಲ್ಲಿ ಗಾಜಿಲ್ಲ, ತಂತಿಯಿಲ್ಲ, ಬೆಲೆಯೂ ಹೊಸ ಲೆನ್ಸಿನ ಮುಂದೆ ಏನೂ ಅಲ್ಲ. ಕನ್ನಡಿಯಿರುವ ನಿಕಾನ್ ಡಿಎಸ್‌ಎಲ್‌ಆರ್ ಮನೆಯಲ್ಲಿರುವವರು ಮಾತ್ರ ಅವಸರಪಡಬಾರದು. ಅದರ ಆಸನದ ದೂರ 46.5 ಮಿ.ಮೀ.; ಕಳೆದರೆ ಉತ್ತರ ಸೊನ್ನೆಗಿಂತ ಕಡಿಮೆ. ಬರೀ ಕೊಳವೆ ಹಾಕಿದರೆ ದೂರದ ವಸ್ತು ಎಂದೂ ಸ್ಪಷ್ಟವಾಗದು. ಕೊಳ್ಳುವ ಮೊದಲು ಈ ಕಳೆಯುವ ಲೆಕ್ಕ ಮಾಡದೆ ದುಡ್ಡು ಕಳೆದುಕೊಂಡವರು ಸಾಕಷ್ಟಿದ್ದಾರೆ.

ಲೆನ್ಸು ಕೂತಿತು, ಆದರೆ ಕ್ಯಾಮರಾ ಒಲ್ಲೆನೆಂದಿತು. ಲೆನ್ಸೇ ಇಲ್ಲ ಎಂಬುದು ಅದರ ತಕರಾರು. ಲೆನ್ಸಿಲ್ಲದೆಯೂ ಕ್ಲಿಕ್ ಮಾಡಲು ಅನುಮತಿಸುವ ಆಯ್ಕೆ ಮೆನುವಿನಲ್ಲಿ ಸಿಕ್ಕ ಮೇಲೆ ಕೆಲಸ ಸಾಗಿತು. ಫೋಕಸ್ ಕೈಯಿಂದಲೇ ಆಗಬೇಕು. ಎಫ್ ಸಂಖ್ಯೆಗೆ ಎರಡು ಬಳೆಗಳು: ಒಂದರಲ್ಲಿ ಎಲ್ಲಿಯವರೆಗೆ ಮುಚ್ಚಬೇಕೆಂದು ಗೊತ್ತುಮಾಡಿ, ಇನ್ನೊಂದರಿಂದ ಮುಚ್ಚುವುದು. “ಗಡ್‌ಬಡಿ ಮಾಡುಕಾಗ” ಎಂಬುದೊಂದೇ ಅಜ್ಜಯ್ಯನ ಪಾಠ.

ಮೊದಲ ಚಿತ್ರ ಕೋಟಿತೀರ್ಥದ ದಂಡೆಯಲ್ಲಿ. ತಂಗಿಯನ್ನು ಒಂದೆರಡು ಮೀಟರ್ ಎದುರು ನಿಲ್ಲಿಸಿ, ಹಿಂದೆ ಎಲೆಗಳ ನಡುವಿನಿಂದ ಬಿಸಿಲು ತೂರುವ ಮರ ಬರುವಂತೆ ನೋಡಿ, ಎಫ್ 2ರಲ್ಲಿ ತೆಗೆದದ್ದು. ಮುಖ ಸ್ಪಷ್ಟ, ಹಿಂದಿನ ಬೆಳಕಿನ ಚುಕ್ಕೆಗಳೆಲ್ಲ ಅವಳ ಸುತ್ತ ಸುಳಿ ತಿರುಗುತ್ತಿದ್ದವು, ಹೊಳೆಯ ಮಡುವಿನಲ್ಲಿ ಎಲೆ ತಿರುಗಿದ ಹಾಗೆ. ಇದೇ ಹೀಲಿಯೋಸಿನ ಹೆಸರಾಂತ ಗುಣ. ತಯಾರಕರ ಭಾಷೆಯಲ್ಲಿ ಇದು ದೋಷ.

ದೋಷ ಎಲ್ಲಿಂದ ಬಂತೆಂದು ಮನೆಯಲ್ಲೇ ನೋಡಬಹುದು. ಲೆನ್ಸನ್ನು ಪೂರ್ತಿ ತೆರೆದು ಕಿಟಕಿಯ ಕಡೆ ಹಿಡಿದು ನೇರ ನೋಡಿದರೆ ಬೆಳಕಿನ ಕಂಡಿ ದುಂಡಗಿರುತ್ತದೆ. ತುಸು ಓರೆ ಮಾಡಿದರೆ ಮುಂದಿನ ಅಂಚು, ಹಿಂದಿನ ಅಂಚು ಎರಡೂ ಅಡ್ಡ ಬಂದು ಕಂಡಿ ಬಾದಾಮಿಯ ಆಕಾರಕ್ಕೆ ತಿರುಗುತ್ತದೆ. ಚಿತ್ರದ ನಡುವಿನ ಚುಕ್ಕೆ ದುಂಡಗೆ, ಅಂಚಿನವು ಬಾದಾಮಿಯಂತೆ ಬರುವುದು ಇದರಿಂದಲೇ. ಆ ಬಾದಾಮಿಗಳೆಲ್ಲ ನಡುವಿನ ಸುತ್ತ ಬಳೆಯಾಕಾರದಲ್ಲಿ ಮಲಗುವುದರಿಂದ ಕಣ್ಣಿಗೆ ಸುಳಿಯ ಭ್ರಮೆ. ಪೂರ್ತಿ ತಿದ್ದದೆ ಬಿಟ್ಟ ಅಸ್ಟಿಗ್ಮ್ಯಾಟಿಸಂ ಅದಕ್ಕೆ ಮತ್ತಷ್ಟು ಒತ್ತು ಕೊಡುತ್ತದೆ. ಹುಡುಗಿಯ ಕ್ಯಾಮರಾದ ಸೆನ್ಸರ್ ಫಿಲ್ಮಿಗಿಂತ ಚಿಕ್ಕದು. ಫಿಲ್ಮಿನ ಚೌಕಟ್ಟು 36×24 ಮಿ.ಮೀ., ಇದು ಹೆಚ್ಚುಕಡಿಮೆ 24×16. ಅಂಚಿನ ಭಾಗ ಕತ್ತರಿಸಿ ಹೋಗುವುದರಿಂದ ಸುಳಿಯೂ ಕಡಿಮೆ, 58 ಮಿ.ಮೀ. ಲೆನ್ಸು ಫಿಲ್ಮಿನ ಲೆಕ್ಕದ 87 ಮಿ.ಮೀ.ಯಷ್ಟು ಬಿಗಿಯಾಗಿ ಕಾಣುತ್ತದೆ. ಅಜ್ಜಯ್ಯನ ಹಳೆಯ ಕಪ್ಪುಬಿಳುಪು ಪ್ರಿಂಟುಗಳಲ್ಲಿ ಸುಳಿ ಇನ್ನೂ ಜೋರಾಗಿತ್ತು. ಆಗ ಗಿರಾಕಿಗಳು ಅದನ್ನು ಮೆಚ್ಚಿರಲಿಲ್ಲವಂತೆ!

ಸಂಜೆ ಬೀಜಾಡಿಯ ಕಡಲದಂಡೆಯಲ್ಲಿ ಮತ್ತೊಂದು ಗುಣ ಹೊರಬಿತ್ತು. ಮುಳುಗುವ ಸೂರ್ಯನಿಗೆ ಎದುರಾಗಿ ಹಿಡಿದರೆ ಚಿತ್ರದ ಮೇಲೆ ಮಂಜು ಮುಸುಕಿದಂತೆ ಬೆಳಕು ಹರಡುತ್ತದೆ. ಲೇಪವಿಲ್ಲದ ಗಾಜು ಪ್ರತಿ ಮೈಯಲ್ಲೂ ಸುಮಾರು ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಹೀಲಿಯೋಸಿನಲ್ಲಿ ಗಾಳಿಗೆ ತಾಗಿದ ಮೈಗಳು 8. ಲೇಪವೇ ಇಲ್ಲದಿದ್ದರೆ ನೂರರಲ್ಲಿ 72 ಪಾಲು ಮಾತ್ರ ನೇರ ದಾಟುತ್ತಿತ್ತು. ಝೈಸ್‌ನ ಸ್ಮಾಕುಲಾ ಎಂಬ ವಿಜ್ಞಾನಿ 1935ರಲ್ಲಿ ಲೇಪದ ವಿಧಾನ ಕಂಡುಹಿಡಿದ ಮೇಲೆ ಈ ನಷ್ಟ ಇಳಿಯಿತು. ಹೀಲಿಯೋಸಿಗೆ ಲೇಪ ಇದ್ದರೂ ಇಂದಿನ ಲೆನ್ಸುಗಳ ಹಲವು ಪದರದ ಲೇಪಕ್ಕೆ ಅದು ಸಾಟಿಯಲ್ಲ. ಬಲೆ ಎಳೆಯುವವರು ಆ ಮುಸುಕಿನಲ್ಲಿ ನೆರಳಿನಂತೆ ಬಂದರು. ಇದು ಚಂದವೋ ಕೊರತೆಯೋ ಎಂಬ ಬಗ್ಗೆ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ.

ಹಬ್ಬದ ದಿನ ರಥ ಹೊರಟಾಗ ಹುಡುಗಿ ಸೋತಳು. ಹಗ್ಗ ಹಿಡಿದ ಜನ ಮುಂದೆ ಬರುತ್ತಲೇ ಇದ್ದರು, ಬಳೆ ತಿರುಗಿಸುವಷ್ಟರಲ್ಲಿ ಫೋಕಸ್ ತಪ್ಪುತ್ತಿತ್ತು. ಚಿತ್ರಗಳೆಲ್ಲ ಮಸುಕು. ಪಕ್ಕದಲ್ಲೇ ಮೊಬೈಲ್ ಎತ್ತಿದವರ ಚಿತ್ರ ಮಾತ್ರ ಸ್ಪಷ್ಟ! ಅಜ್ಜಯ್ಯ ಲೆನ್ಸಿನ ಮೇಲಿನ ಅಂಕಿಗಳನ್ನು ತೋರಿಸಿದರು. ಎಫ್ 8ಕ್ಕೆ ಮುಚ್ಚಿ, 10 ಮೀಟರಿಗೆ ನಿಲ್ಲಿಸಿ ಬಿಟ್ಟರೆ ಅವಳ ಕ್ಯಾಮರಾದಲ್ಲಿ ಸುಮಾರು 7ರಿಂದ 19 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ಬಳೆ ಮುಟ್ಟಬೇಕಿಲ್ಲ. ರಥ ಆ ಜಾಗಕ್ಕೆ ಬರುವವರೆಗೆ ಕಾಯಬೇಕು, ಅಷ್ಟೆ. ಫಿಲ್ಮಿನ ಕಾಲದ ಉತ್ಸವದ ಫೋಟೊಗಳಲ್ಲಿ ಬಹುಪಾಲು ಹೀಗೆ ತೆಗೆದವೇ. ರಥ ಬಂತು, ಸಿಕ್ಕಿತು. ಕಬ್ಬು ಹಿಡಿದ ಜೋಡಿಗಳು ತಾವಾಗಿಯೇ ನಿಂತು ಮುಖ ಕೊಟ್ಟರು. ಅಲ್ಲಿ ಎಫ್ 2, ಹಿಂದೆ ಜಾತ್ರೆಯ ದೀಪಗಳ ಸುಳಿ.

ಹಾಗೆಂದು ಎಲ್ಲರೂ ಹಳೆಯ ಲೆನ್ಸು ಹುಡುಕಿ ಹೊರಡಬೇಕೆಂದಲ್ಲ. ಮದುವೆಯ ಫೋಟೊ ತೆಗೆದು ಬದುಕುವವರಿಗೆ ತಾನಾಗಿ ಫೋಕಸ್ ಆಗುವ ಲೆನ್ಸೇ ಬೇಕು. ತಾಳಿ ಕಟ್ಟುವವರು ಬಳೆ ತಿರುಗಿಸುವವರೆಗೆ ಕಾಯುವುದಿಲ್ಲ. ಈ ಹುಚ್ಚು ಹರಡಿದ ಮೇಲೆ ಬೆಲೆಯೂ ಏರಿದೆ. ಮನೆಯ ಕಪಾಟಿನಲ್ಲಿದ್ದರೆ ಮೊದಲು ಅದನ್ನು ತೆಗೆದು ಬೆಳಕಿಗೆ ಹಿಡಿದು ನೋಡುವುದು ಬುದ್ಧಿವಂತಿಕೆ. ಅಂಚಿನಲ್ಲಿ ಚೂರು ಬೂಷ್ಟಿದ್ದರೆ ಚಿತ್ರಕ್ಕೆ ಹೆಚ್ಚು ತೊಂದರೆಯಿಲ್ಲ. ಆದರೆ ತಿರುಪು ಬಿಚ್ಚಿ ತಾನೇ ಒರೆಸಹೋದರೆ ಮತ್ತೆ ಜೋಡಿಸುವುದು ಕಷ್ಟ. ಬಿಸಿಲಿಗಿಡುವವರಿಗೂ ಒಂದು ಎಚ್ಚರಿಕೆ: ಲೆನ್ಸು ಎಂದರೆ ಭೂತಗನ್ನಡಿಯೇ, ಕೆಳಗಿನ ಬಟ್ಟೆ ಸುಟ್ಟೀತು.

ಹೀಲಿಯೋಸ್ ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿದೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಅದರ ಹರಳು ಬಣ್ಣ ಬದಲಿಸಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಇಡುವ ಕೆಲಸ ಅಪ್ಪನದು. 135 ಮಿ.ಮೀ. ಲೆನ್ಸನ್ನು ಹುಡುಗಿ ಒಡನಾಡಿಗಳಿಗೆ ಬೂಷ್ಟು ತೋರಿಸಲೆಂದು ಕಾಲೇಜಿಗೆ ಒಯ್ದಳು. ಅದರ ಚರ್ಮದ ಚೀಲವನ್ನು ಬಿಸಾಡಲು ಅಜ್ಜಯ್ಯ ಒಪ್ಪಲಿಲ್ಲ; ಖಾಲಿ ಚೀಲ ಚಾವಡಿಯ ಮೊಳೆಯಲ್ಲಿ ನೇತಾಡುತ್ತಿದೆ.